ಹದಿನಾರಕ್ಕೆ ಒಂದು ಉಸಿರು

ಮೊದಲ ಸಲ ಅದನ್ನು ಕೇಳಿದಾಗ ಗಾಡಿ ಕೆಟ್ಟಿದೆ ಅಂದುಕೊಂಡೆ. ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತ ಆಂಬುಲೆನ್ಸಿನೊಳಗಿಂದ ದಬ್ ದಬ್ ಎಂದು ಒಂದೇ ಸಮನೆ ಸದ್ದು ಬರುತ್ತಿತ್ತು. ಅದರ ಮೇಲೆ ತಂತಿ ಎಳೆದಂಥ ಇನ್ನೊಂದು ಸದ್ದು. ಡ್ರೈವರ್ ಸೀಟಿನಲ್ಲಿ ಬೂದು ಬಣ್ಣದ ಸಮವಸ್ತ್ರದ, ಬಿಳಿ ಗಡ್ಡದ ಹಿರಿಯರೊಬ್ಬರು ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಸಿಂದಗಿಯ ಆ ಆಸ್ಪತ್ರೆಗೆ ನರ್ಸ್ ಆಗಿ ಸೇರಿ ಎರಡೇ ದಿನ ಆಗಿತ್ತು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಚಾಚಾ, ಇಂಜಿನ್ನಿನಾಗ ಏನೋ ಬಡ್ಯಾಕತ್ತೈತ್ರಿ."

ಅವರು ಕಣ್ಣು ತೆರೆಯಲಿಲ್ಲ. "ಇಂಜಿನ್ ಬಂದ್ ಐತ್ರಿ ಸಿಸ್ಟರ್. ಇದು ಹಾಡು."

ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಮಸೂತಿಯವಳು. ಹಾಡು ಅಂದರೆ ಒಂದು ಪಲ್ಲವಿ, ಎರಡು ಚರಣ, ನಡುವೆ ಜೀವಕ್ಕೆ ಹಿತವಾಗುವಂಥದ್ದು ಏನಾದರೂ ಇರಬೇಕು ಅಂತ ತಿಳಿದು ಬೆಳೆದವಳು. ಕುತೂಹಲಕ್ಕೆ ಕಿಟಕಿಯ ಹತ್ತಿರ ಐದಾರು ನಿಮಿಷ ನಿಂತೆ. ಡ್ರಮ್ ಬಾರಿಸುವವನು ಅದನ್ನೇ ಬಾರಿಸುತ್ತಿದ್ದ. ಏರಿಲ್ಲ, ಇಳಿವಿಲ್ಲ, ಒಂದು ಮುಕ್ತಾಯವಿಲ್ಲ. "ಹಾಡವ್ರು ಯಾವಾಗ ಬರ್ತಾರ್ರಿ?" ಎಂದೆ. "ಬರ್ತಾರ. ನಿಮಗೇನ್ ಗಡಬಡಿ ಐತಿ?" ಎಂದರು. ಬಂದರು ಖರೆ, ನನ್ನ ಕಾಲು ನೋಯತೊಡಗಿದ ಮೇಲೆ. ಯಾರೋ ನಿದ್ದೆಯಲ್ಲಿ ಗೊಣಗಿದ ಹಾಗೆ ನಾಲ್ಕು ಮಾತು ಆಡಿ ಹೋದರು. ಡ್ರಮ್ಮಿನವನು ತನ್ನ ಪಾಡಿಗೆ ತಾನು ಮುಂದುವರಿದ. ಈ ಮನುಷ್ಯನ ಗಾಡಿಯಲ್ಲಿ ನಾನು ರೋಗಿಗಳನ್ನು ಕರೆದುಕೊಂಡು ಹೋಗಬೇಕಲ್ಲಪ್ಪ ಅಂತ ಆಗಲೇ ನನಗೆ ಅಳುಕು ಶುರುವಾಯಿತು.

ಅಳುಕುವುದು ನನ್ನ ಜಾಯಮಾನ. ಬಾಗಿಲು ಹಾಕಿದ್ದೇನೋ ಇಲ್ಲವೋ ಅಂತ ಮೂರು ಸಲ ನೋಡುವವಳು ನಾನು. ಇಂಥವಳು ನರ್ಸ್ ಯಾಕಾದಿ ಅಂತ ನಮ್ಮವ್ವ ಈಗಲೂ ಕೇಳುತ್ತಾಳೆ.

ಚಾಚಾ ಹೋದ ತಿಂಗಳು ತೀರಿಕೊಂಡರು. ಮುಂಜಾನೆ ನಮಾಜು ಮುಗಿಸಿ, ಚಹಾ ಕುಡಿದು, ಕುಂತಲ್ಲೇ ಹೋದರಂತೆ. ಮೂವತ್ತು ವರ್ಷ ಊರಿನವರನ್ನೆಲ್ಲ ಹೊತ್ತು ತಿರುಗಿದವರು, ತಮಗಾಗಿ ಒಂದು ಗಾಡಿ ಕರೆಸುವ ತ್ರಾಸು ಯಾರಿಗೂ ಕೊಡಲಿಲ್ಲ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಫೋಟೋ ತೆಗೆಯುತ್ತೇವೆ ಅಂದರೂ ಗಾಡಿಯ ಹಿಂದೆ ಹೋಗಿ ನಿಲ್ಲುತ್ತಿದ್ದ ಮನುಷ್ಯ ಅವರು.

ಇಂಡಿ ತಾಲ್ಲೂಕಿನ ಅಗರಖೇಡ ಅವರ ಮೂಲ ಊರು. ಹರೆಯದಲ್ಲಿ ವಿಜಯಪುರದಲ್ಲಿ ಬಾಡಿಗೆ ಜೀಪು ಹೊಡೆಯುತ್ತಿದ್ದರು. ಆಗ ಜರ್ಮನಿಯಿಂದ ಒಬ್ಬ ಬಂದಿದ್ದನಂತೆ, ಹಳೆಯ ಕಾಲದ ನೀರಿನ ಸುರಂಗಗಳ ನಕಾಶೆ ಬರೆಯಲು. ಮೂರು ತಿಂಗಳು ಇವರ ಜೀಪಿನಲ್ಲೇ ತಿರುಗಿದ. ಇವರಿಗೆ ಅವನ ಮಾತು ಬಾರದು, ಅವನಿಗೆ ಇವರದ್ದು ಬಾರದು, ಜೀಪಿನಲ್ಲಿ ಅವನ ಒಂದೇ ಒಂದು ಕ್ಯಾಸೆಟ್. "ಮೊದಲ ಹದಿನೈದು ದಿವಸ ತೆಲಿ ಸಿಡೀತಿತ್ರಿ" ಎಂದು ಚಾಚಾ ಹೇಳುತ್ತಿದ್ದರು. "ಇಂವ ಏನ್ ಹುಚ್ಚ ಅದಾನೇನು ಅನ್ಕೊಂಡೆ. ಆಮ್ಯಾಲ ಒಂದಿನ ಅಂವ ಊರಿಗೆ ಹೋದ. ಜೀಪಿನಾಗ ಕುಂತೆ. ಏನೋ ಬಿಟ್ಟ ಬಂದಂಗ ಆತು. ನೋಡಿದ್ರ ಕ್ಯಾಸೆಟ್ ಇಲ್ಲೇ ಇಟ್ಟ ಹೋಗ್ಯಾನ."

ಆ ಕ್ಯಾಸೆಟ್ಟಿನ ರೀಲು ಸವೆದುಹೋದ ಮೇಲೆ, ಮೊಬೈಲ್ ಅಂಗಡಿ ಇಟ್ಟಿದ್ದ ಅವರ ಅಳಿಯ ಅದೇ ಆಲ್ಬಮ್ ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಐವತ್ತು ವರ್ಷದಷ್ಟು ಹಳೆಯದು, ಅಂಥ ಸಂಗೀತಕ್ಕೆ ಕ್ರೌಟ್‌ರಾಕ್ ಅನ್ನುತ್ತಾರೆ, ಕೇಳಿ ಪ್ರಾಣ ಬಿಡುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ ಎಂದೆಲ್ಲ ಅವನೇ ಹೇಳಿದ್ದು. ನಾನು ಫೋನಿನಲ್ಲಿ ನೋಡಿದೆ. ಕ್ರೌಟ್ ಅಂದರೆ ಎಲೆಕೋಸು, ನಮ್ಮ ಕಡೆಯ ಗೋಬಿ. ಮರುದಿನದಿಂದ "ಚಾಚಾ, ಇವತ್ತೂ ಗೋಬಿ ಪಲ್ಯಾನ ಏನ್ರಿ?" ಎಂದು ಕಾಡಿಸತೊಡಗಿದೆ. ಅವರು ಬಾಯೊಳಗಿನ ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದೂಡುತ್ತಿದ್ದರು, ಅಷ್ಟೇ.

ಅವರ ಒಂದು ಪದ್ಧತಿ ಬೇರೆ ಯಾವ ಡ್ರೈವರನಲ್ಲೂ ನಾನು ಕಂಡಿಲ್ಲ. ತಿಂಗಳಿಗೊಮ್ಮೆ, ಕೇಸು ಇಲ್ಲದ ಮಧ್ಯಾಹ್ನ, ಇನ್ನೊಬ್ಬ ಡ್ರೈವರನಿಗೆ ಚಾವಿ ಕೊಟ್ಟು ತಾವು ಹಿಂದೆ ಸ್ಟ್ರೆಚರಿನ ಮೇಲೆ ಮಲಗುತ್ತಿದ್ದರು. ಬೆಲ್ಟು ಬಿಗಿಸಿಕೊಂಡು, ಕಣ್ಣು ಮುಚ್ಚಿ, ದೇವರ ಹಿಪ್ಪರಗಿ ತನಕ ಹೋಗಿ ಬರುತ್ತಿದ್ದರು. ಎಲ್ಲಿ ತಗ್ಗು ಬಿದ್ದಿದೆ, ಎಲ್ಲಿ ಹೊಸ ಹಂಪು ಹಾಕಿದ್ದಾರೆ, ಯಾವ ತಿರುವಿನಲ್ಲಿ ತಲೆ ಒಂದು ಕಡೆ ವಾಲುತ್ತದೆ, ಎಲ್ಲ ಬೆನ್ನಿನಲ್ಲೇ ತಿಳಿದುಕೊಂಡು ಬರುತ್ತಿದ್ದರು. "ರಸ್ತಾ ಕಣ್ಣೀಲೆ ಕಲಿಯೂದಲ್ರಿ. ಮಕ್ಕೊಂಡು ಕಲಿಬೇಕು" ಎನ್ನುತ್ತಿದ್ದರು. ಅವರು ಗಾಡಿ ಜೋರಾಗಿ ಹೊಡೆಯುತ್ತಿರಲಿಲ್ಲ. ರೋಗಿಯ ಮನೆಯವರು ಬೈದರೂ ಅಷ್ಟೇ, ಅತ್ತರೂ ಅಷ್ಟೇ. ಜರ್ಮನಿಯ ಡ್ರಮ್ಮಿನವನು ಹೇಗೋ ಇವರೂ ಹಾಗೆ, ಹಿಡಿದ ಗತಿ ಬಿಡುತ್ತಿರಲಿಲ್ಲ. ಹಾರ್ನು ಕೂಡ ಬೇಕಾದಷ್ಟೇ.

ಇನ್ನೊಂದು ರೂಢಿ, ಎಚ್ಚರವಿಲ್ಲದ ರೋಗಿಯ ಜೊತೆಗೂ ಮಾತಾಡುವುದು. "ಯಜಮಾನ್ರ, ಈಗ ಸಿಂದಗಿ ಬಿಟ್ವಿ", "ಯವ್ವಾ, ಹಳ್ಳ ದಾಟಿದ್ವಿ, ಈಗೊಂದು ಹಂಪ್ ಬರ್ತೈತಿ" ಎಂದು ಮುಂದಿನ ಸೀಟಿನಿಂದಲೇ ಹೇಳುತ್ತ ಹೋಗುವರು. ನನಗೆ ನಗು ಬರುತ್ತಿತ್ತು. ಯಾರಿಗೆ ಹೇಳುತ್ತೀರಿ ಅಂತ ಒಮ್ಮೆ ಕೇಳಿದೆ. "ಅವರ ಗಾಡಿ ಅದು, ಅವರಿಗೆ ಹೇಳಬ್ಯಾಡೇನು?" ಎಂದರು.

ಸೇರಿದ ತಿಂಗಳಲ್ಲೇ ನನ್ನ ಕೈಗೆ ಒಂದು ಕೇಸು ಬಂತು. ಆಂಬು ಬ್ಯಾಗ್ ಅಂತ ಇರುತ್ತದೆ, ಉಸಿರು ನಿಂತ ರೋಗಿಯ ಶ್ವಾಸಕೋಶಕ್ಕೆ ಗಾಳಿ ತುಂಬಲು ಕೈಯಿಂದ ಒತ್ತುವ ಚೀಲ. ಐದಾರು ಸೆಕೆಂಡಿಗೆ ಒಮ್ಮೆ ಒತ್ತಬೇಕು, ಬಿಟ್ಟು ತುಂಬಲು ಬಿಡಬೇಕು. ಪುಸ್ತಕದಲ್ಲಿ ಸುಲಭ. ಎದುರಿಗೆ ಜೀವ ಮಲಗಿದಾಗ ಕೈ ತನ್ನಷ್ಟಕ್ಕೆ ಓಡುತ್ತದೆ. ಹೆಚ್ಚು ಒತ್ತಿದರೆ ಹೆಚ್ಚು ಉಳಿಸಿದಂತೆ ಅನಿಸುತ್ತದೆ. ಚಾಚಾ ಮುಂದಿನಿಂದಲೇ ಚೀಲದ ಸದ್ದು ಕೇಳಿ, "ಸಿಸ್ಟರ್, ಕೈ ಓಡಾಕತ್ತೈತಿ" ಎಂದರು. ಅವತ್ತಿನ ರೋಗಿಗೆ ಏನೂ ಆಗಲಿಲ್ಲ, ದಾರಿ ಚಿಕ್ಕದಿತ್ತು. ಮರುದಿನ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಗೋಬಿ ಪಲ್ಯ ಹಚ್ಚಿದರು.

"ಡ್ರಮ್ ಎಣಸ್ರಿ. ನಾಕು ನಾಕರ ನಾಕು. ಹದಿನಾರಕ್ಕ ಒಮ್ಮೆ ಒತ್ತೂದು. ನಾ ಮುದ್ದೇಬಿಹಾಳದಾಗ ಇದ್ದಾಗ ಅಲ್ಲಿ ಡಾಕ್ಟರ್ ಸಾಹೇಬರು ಗಡಿಯಾರ ಹಿಡದು ನೋಡ್ಯಾರ. ಬರೋಬ್ಬರಿ ಐತಿ."

ಹೀಗೆ, ಬೇಡಬೇಡವೆಂದರೂ, ನಾನು ಆ ಆಲ್ಬಮ್ಮನ್ನು ಆದಿಯಿಂದ ಅಂತ್ಯದ ತನಕ ಕೇಳಬೇಕಾಯಿತು. ಒಂದು ಸಲ ಅಲ್ಲ, ಊಟದ ಬಿಡುವಿನಲ್ಲಿ ವಾರಗಟ್ಟಲೆ. ಮೊಣಕಾಲ ಮೇಲೆ ಬೆರಳಿನಿಂದ ತಟ್ಟುತ್ತ ಹದಿನಾರು ಎಣಿಸುವುದು. ಮೊದಲ ವಾರ ಬರೀ ಸಿಟ್ಟು. ಇದೇನು ಸಂಗೀತವೋ ಗಿರಣಿಯೋ ಅನಿಸಿತು. ಎರಡನೆಯ ವಾರ, ಎಣಿಸುತ್ತ ಎಣಿಸುತ್ತ, ಡ್ರಮ್ಮಿನ ಹಿಂದೆ ಎರಡು ಗಿಟಾರುಗಳಿವೆ ಎಂದು ಗೊತ್ತಾಯಿತು. ನಾನು ಅಷ್ಟು ದಿನ ಒಂದೇ ಅಂದುಕೊಂಡಿದ್ದೆ. ಆಮೇಲೆ ಒಂದು ಕಡೆ ಅದು ಬಹಳ ಮೆಲ್ಲಗೆ ಬದಲಾಗುತ್ತದೆ, ಎಲ್ಲಿ ಬದಲಾಯಿತು ಅಂತ ಬೊಟ್ಟು ಮಾಡಲು ಬರುವುದಿಲ್ಲ, ಹಿಂದೆ ತಿರುಗಿ ನೋಡಿದರೆ ಬೇರೆಲ್ಲೋ ಬಂದು ನಿಂತಿರುತ್ತೀರಿ. ಇದನ್ನು ಹೇಳಿದಾಗ ಚಾಚಾನ ಮುಖ ಅರಳಿತು. "ರುಚಿ ಹತ್ತಿತು ನೋಡ್ರಿ" ಎಂದರು. ನನಗೇನೂ ಹತ್ತಲಿಲ್ಲ. ಇವತ್ತಿಗೂ ಅದು ನನಗೆ ಸೇರುತ್ತದೆ ಅಂತ ಎದೆ ಮುಟ್ಟಿ ಹೇಳಲಾರೆ. ಎರಡನೆಯ ಬದಿಯ ಕಡೆಗೆ ನೀರು ಸುರಿದಂಥ, ಬಾಗಿಲು ಕಿರುಗುಟ್ಟಿದಂಥ ಸದ್ದುಗಳ ಒಂದು ತುಣುಕಿದೆ, ಅದನ್ನು ಕೇಳಿದರೆ ಈಗಲೂ ಎದ್ದು ಹೋಗಬೇಕು ಅನಿಸುತ್ತದೆ. ಆದರೆ ಆ ಡ್ರಮ್ಮಿನವನ ಮೇಲೆ ಒಂದು ಭರವಸೆ ಹುಟ್ಟಿತು. ಅವನು ಗಾಬರಿಯಾಗುವ ಪೈಕಿ ಅಲ್ಲ.

ಈಗ ಆ ದಿನದ ಮಾತು ಹೇಳಬೇಕು. ಇಷ್ಟು ಹೊತ್ತು ಅದನ್ನೇ ತಪ್ಪಿಸಿಕೊಂಡು ಬರೆಯುತ್ತಿದ್ದೇನೆ.

ಹೋದ ವರ್ಷ ಕಬ್ಬು ಕಡಿಯುವ ಹಂಗಾಮು. ಬೆಳಗಿನ ಹನ್ನೊಂದಕ್ಕೆ ಹಸಿರು ಸೀರೆಯುಟ್ಟ, ಮೂವತ್ತರ ಆಸುಪಾಸಿನ ಹೆಣ್ಣುಮಗಳನ್ನು ಕರೆತಂದರು. ಕಬ್ಬಿನ ಒಣಗರಿ, ಅಂದರೆ ರವದಿ, ಎತ್ತುವಾಗ ನಾಗರಹಾವು ಕಡಿದಿತ್ತು. ಡಾಕ್ಟರು ವಿಷಕ್ಕೆ ಔಷಧ ಕೊಟ್ಟರು. ಆದರೂ ಅವಳ ರೆಪ್ಪೆಗಳು ಇಳಿದವು, ನಾಲಿಗೆ ತೊದಲಿತು, ಆಮೇಲೆ ಉಸಿರೇ ನಿಂತಿತು. ಗಂಟಲಿಗೆ ನಳಿಗೆ ಹಾಕಿ, ಆಂಬು ಬ್ಯಾಗ್ ನನ್ನ ಕೈಗೆ ಕೊಟ್ಟು, "ವಿಜಯಪುರದಲ್ಲಿ ಯಂತ್ರ ಸಿಗುವ ತನಕ ಇವಳ ಉಸಿರು ನೀನೇ" ಎಂದರು. ಹೃದಯ ಗಟ್ಟಿ ಇದೆ, ಉಸಿರೊಂದು ಸರಿಯಾಗಿ ಹೋಗುತ್ತಿದ್ದರೆ ಬದುಕುತ್ತಾಳೆ ಎಂದೂ ಹೇಳಿದರು. ಅರವತ್ತು ಕಿಲೋಮೀಟರು. ಹಿಂದೆ ನಾನು, ಅವಳು, ಅವಳ ಗಂಡ.

ಚಾಚಾ ಹಾಡು ಹಚ್ಚಿ ಗಾಡಿ ತೆಗೆದರು. "ಯವ್ವಾ, ವಿಜಾಪುರಕ್ಕ ಹೊಂಟೇವಿ. ಸಿಸ್ಟರ್ ನಿನ್ನ ಜೋಡಿ ಅದಾರ" ಎಂದರು. ನಾನು ಹದಿನಾರು ಎಣಿಸತೊಡಗಿದೆ. ಬೆರಳಿಗೆ ಸಿಕ್ಕಿಸಿದ ಆಮ್ಲಜನಕದ ಮೀಟರಿನಲ್ಲಿ ತೊಂಬತ್ತಾರು ಇತ್ತು. ಊರು ದಾಟಿತ್ತೋ ಇಲ್ಲವೋ, ಗಂಡ ಸಿಡಿದೆದ್ದ.

"ಏನ್ರಿ ಇದು? ನನ್ನ ಹೇಣ್ತಿ ಸಾಯಾಕತ್ತಾಳ, ನೀವು ಹಾಡ ಹಚ್ಚಿ ಕುಂತೀರಿ? ಬಂದ್ ಮಾಡ್ರಿ. ಗಾಡಿ ಜೋರ ಹೊಡೀರಿ."

"ತಪ್ಪಾತು ತಮ್ಮಾ" ಎಂದು ಚಾಚಾ ತಕ್ಷಣ ಬಂದ್ ಮಾಡಿದರು. ಅವನ ಮಾತಿನಲ್ಲಿ ತಪ್ಪೇನಿತ್ತು? ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಸದ್ದು ನಿಂತಿತು. ಈಗ ಚೀಲದ ಪುಸ್ ಪುಸ್, ಗಂಡನ ಬಿಕ್ಕು, ನನ್ನ ಎದೆಬಡಿತ ಇಷ್ಟೇ. ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದೆ, ಎಂಟಕ್ಕೇ ಒತ್ತಿದೆ, ಆರಕ್ಕೇ ಒತ್ತಿದೆ. ಚೀಲ ತುಂಬುವ ಮೊದಲೇ ಒತ್ತುತ್ತಿದ್ದೇನೆ ಅಂತ ಗೊತ್ತು, ಆದರೂ ಕೈ ಕೇಳುತ್ತಿಲ್ಲ. ಮೀಟರು ತೊಂಬತ್ತಕ್ಕೆ ಬಂತು, ಎಂಬತ್ತಾರಕ್ಕೆ ಬಂತು. "ಸಿಸ್ಟರ್, ಸಾವಕಾಶ" ಎಂದು ಚಾಚಾ ಅಂದದ್ದು ಎಲ್ಲೋ ದೂರದಲ್ಲಿ ಕೇಳಿಸಿತು. ಎಂಬತ್ತೊಂದು ಕಂಡಾಗ ನನ್ನ ಬಾಯಿಂದ ಮಾತು ಹೊರಬಿತ್ತು.

"ಚಾಚಾ, ಆಗವಲ್ದ್ರಿ. ಈಕಿ ಉಳಿಯಂಗಿಲ್ಲ."

ಗಂಡ ನನ್ನ ಮುಖ ನೋಡಿದ. ಬಿಕ್ಕುತ್ತಿದ್ದವನು ಸ್ಟ್ರೆಚರಿನ ಪಕ್ಕ ಕೆಳಗೆ ಕುಳಿತ.

ಚಾಚಾ ದೊಡ್ಡ ದನಿ ತೆಗೆದು ಅವಳಿಗೇ ಹೇಳಿದರು, "ಯವ್ವಾ, ದೇವರ ಹಿಪ್ಪರಗಿ ಬಂತು. ಅಂಜಬ್ಯಾಡ. ಸಿಸ್ಟರ್ ಹೊಸಬರು, ಅಂಜಿ ಅಂದಾರ. ಕೈ ಚಲೋ ಐತಿ ಅವರದು." ಆಮೇಲೆ ಗಂಡನಿಗೆ, "ತಮ್ಮಾ, ಅದು ಮೋಜಿಗೆ ಹಚ್ಚಿದ್ದಲ್ಲೋ. ಆಕಿಗೆ ಉಸರ ಕೊಡಾಕ ಅಳತಿ ಅದು. ನೀ ಹೂಂ ಅಂದ್ರ ಹಚ್ತೇನಿ, ಇಲ್ಲಂದ್ರ ಬಿಡ್ತೇನಿ" ಎಂದರು.

ಅವನು ಬಹಳ ಹೊತ್ತು ತೆಗೆದುಕೊಂಡ ಅಂತ ನನಗೆ ಅನಿಸಿತು. ಎರಡು ಉಸಿರಿನಷ್ಟು ಇದ್ದಿರಬಹುದು. "ಹಚ್ಚ್ರಿ" ಎಂದ.

ಡ್ರಮ್ಮು ಮೊದಲಿನಿಂದ ಬಂತು. ಚಾಚಾ ನನ್ನ ಜೊತೆ ಗಟ್ಟಿಯಾಗಿ ಎಣಿಸಿದರು. ಸ್ವಲ್ಪ ಹೊತ್ತಿಗೆ ಗಂಡನಿಗೂ ಅದು ತಿಳಿಯಿತು. ಅವನು ಕಬ್ಬು ಕಡಿದು ಗಾಯವಾದ ಬೆರಳುಗಳಿಂದ ಸ್ಟ್ರೆಚರಿನ ಕಂಬಿ ತಟ್ಟುತ್ತ, ಹದಿನಾರಕ್ಕೆ ಸರಿಯಾಗಿ "ಹಾಂ" ಅನ್ನತೊಡಗಿದ. ಅವನು ಹಾಂ ಅಂದಾಗ ನಾನು ಒತ್ತುವುದು. ಎಂಬತ್ತೈದು. ತೊಂಬತ್ತು. ತೊಂಬತ್ತೈದು. ಹೆಬ್ಬೆರಳ ಬುಡ ಬೆಂಕಿಯಾಗಿತ್ತು, ಕೈ ಬದಲಿಸಲೂ ಹೆದರಿಕೆ. ನೀರಿನ ಸದ್ದಿನ ಆ ಹಾಳು ತುಣುಕು ಬಂದಾಗ ಡ್ರಮ್ಮು ಇರಲಿಲ್ಲ, ಗಂಡ ಮಾತ್ರ ಬಿಡದೆ ತಟ್ಟುತ್ತಲೇ ಇದ್ದ. ಆಲ್ಬಮ್ ಮುಗಿದು ಎರಡನೆಯ ಸಲ ಶುರುವಾಗಿದ್ದಾಗ ವಿಜಯಪುರ ಬಂತು. ಅವಳನ್ನು ಯಂತ್ರಕ್ಕೆ ಜೋಡಿಸಿದರು.

ಅವಳು ಬದುಕಿದಳು. ಐದನೆಯ ದಿನಕ್ಕೆ ನಳಿಗೆ ತೆಗೆದರಂತೆ. ಆದರೆ ನನ್ನ ನೆಮ್ಮದಿ ಅವತ್ತೇ ಹೋಗಿತ್ತು. ಅವಳನ್ನು ಒಪ್ಪಿಸಿ ಹೊರಗೆ ಬಂದು ನಳದ ಕೆಳಗೆ ಕೈ ತೊಳೆಯುವಾಗ ಚಾಚಾ ಮೆಲ್ಲಗೆ ಹೇಳಿದ್ದರು, "ಸಿಸ್ಟರ್, ಹಾವು ಕಡದವರು ಕಣ್ಣ ತೆರ್ಯಂಗಿಲ್ಲ, ಕೈ ಎತ್ತಂಗಿಲ್ಲ. ಆದ್ರ ಅವರಿಗೆ ಎಲ್ಲಾ ಕೇಳಸ್ತೈತಿ." ನನಗೂ ಕಲಿಸಿದ್ದರು ಅದನ್ನು, ಪರೀಕ್ಷೆಯಲ್ಲಿ ಬರೆದು ಅಂಕ ಕೂಡ ತಗೊಂಡಿದ್ದೆ. ಗೊತ್ತಿದ್ದೂ, ಮಲಗಿದ ಹೆಂಗಸಿನ ತಲೆಯ ಹತ್ತಿರ ನಿಂತು, ನೀನು ಉಳಿಯುವುದಿಲ್ಲ ಅಂತ ಹೇಳಿದ್ದೆ.

ಆಮೇಲೆ ಒಂದು ವರ್ಷ ಪೂರ್ತಿ ನಾನು ಹೆದರಿಕೊಂಡೇ ಬದುಕಿದೆ. ಹೊರರೋಗಿಗಳ ಸಾಲಿನಲ್ಲಿ ಹಸಿರು ಸೀರೆಯ ಹೆಂಗಸು ಕಂಡರೆ ಒಳಗಿನ ಕೋಣೆಗೆ ಸರಿಯುತ್ತಿದ್ದೆ. ಸಿಂದಗಿ ಸಂತೆಗೆ ಹೋಗುವುದನ್ನೇ ಬಿಟ್ಟೆ. ಅವಳು ಬಂದು ನಾಲ್ಕು ಜನರ ಎದುರಿಗೆ ಬೈದರೆ ಏನು ಹೇಳಲಿ? ದೂರು ಕೊಟ್ಟರೆ ಕೆಲಸ ಉಳಿಯುತ್ತದೆಯೇ? ಅದಕ್ಕಿಂತ ಹೆಚ್ಚು, ಆ ಮಾತು ಕೇಳುತ್ತ, ಅಲುಗಾಡಲಾರದೆ ಅವಳು ಹೇಗೆ ಮಲಗಿದ್ದಳೋ ಎಂದು ನೆನೆದರೆ ಊಟ ಸೇರುತ್ತಿರಲಿಲ್ಲ. ಚಾಚಾನನ್ನು ಎಷ್ಟೋ ಸಲ ಕೇಳಿದೆ, "ಆ ಹೆಣ್ಮಗಳು ಏನರ ಅಂದಳೇನ್ರಿ?" "ಏನಂತಾಳ? ಆರಾಮ ಅದಾಳ, ಕಬ್ಬ ಕಡ್ಯಾಕತ್ತಾಳ" ಎನ್ನುತ್ತಿದ್ದರು. ಹೇಳುವಾಗ ಗಾಜು ಒರೆಸುತ್ತಿರುತ್ತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ.

ಅವರು ಹೋದ ಮೂರನೆಯ ದಿನ, ತೀರಿಕೊಂಡವರಿಗಾಗಿ ಮಾಡುವ ಪ್ರಾರ್ಥನೆ ಜಿಯಾರತ್ತಿಗೆಂದು ಮನೆಗೆ ಹೋದೆ. ಒಳಗಿನ ಕೋಣೆಯಲ್ಲಿ ಹೆಂಗಸರ ನಡುವೆ ಚಾಚಾನ ಹೆಂಡತಿ ಚಾಚಿ ಕುಳಿತಿದ್ದರು. ಅವರ ಕೈ ಹಿಡಿದು ಕುಳಿತುಕೊಂಡೆ. ಪಕ್ಕದಲ್ಲಿ ಒಬ್ಬಳು ಸೆರಗು ಹೊದ್ದು ಕುಳಿತಿದ್ದಳು, ಹಣೆಯಲ್ಲಿ ಕುಂಕುಮ. ಅವಳು ನನ್ನನ್ನೇ ನೋಡುತ್ತಿದ್ದಳು. ಮುಖ ಗುರುತು ಹತ್ತಲಿಲ್ಲ, ನಾನು ಕಂಡಿದ್ದು ಕಣ್ಣು ಮುಚ್ಚಿದ ಮುಖ.

"ನೀವು ಆ ಸಿಸ್ಟರ್ ಅಲ್ರೇನು?" ಎಂದಳು. ದನಿ ಸ್ವಲ್ಪ ಒಡಕು. "ನನಗ ನಿಮ್ಮ ದನಿ ಗೊತ್ತೈತ್ರಿ."

"ನಾನು ಅಂದಿದ್ದು ಕೇಳಿಸಿತ್ತೇನವ್ವಾ?" ಎಂದೆ.

"ಕೇಳಿಸಿತ್ರಿ. ಎಲ್ಲಾ ಕೇಳಿಸಿತ್ತು. ನಮ್ಮವರು ಅಳೂದು, ಚಾಚಾ ಊರ ಹೆಸರ ಹೇಳೂದು. ಆ ಬಡಿಯೂದು ನಿಂತಾಗ ನಾ ಸತ್ತೆ ಅನ್ಕೊಂಡೆ. ಆಮ್ಯಾಲ ನೀವು ಹಂಗಂದ್ರಿ." ಸೆರಗು ಸರಿಮಾಡಿಕೊಂಡಳು. "ಮೈಯಾಗ ಕಸು ಬಂದ ಮ್ಯಾಲ ದವಾಖಾನಿಗೆ ಬಂದಿದ್ದೆರಿ. ದೊಡ್ಡ ಡಾಕ್ಟರಿಗೆ ಹೇಳಿ ನಿಮ್ಮನ್ನ ಕೆಲಸದಿಂದ ತಗಸಬೇಕಂತ. ಅಂಗಳದಾಗ ಚಾಚಾ ಸಿಕ್ರು."

ಚಾಚಾ ಅವಳನ್ನು ತಡೆಯಲಿಲ್ಲವಂತೆ. ಹೇಳವ್ವಾ, ಹೇಳುವ ಹಕ್ಕು ನಿನಗಿದೆ ಅಂದರಂತೆ. ಅದಕ್ಕೂ ಮೊದಲು ಒಂದು ಸಣ್ಣ ಕೆಲಸ ಮಾಡು ಅಂತ ಗಾಡಿಯೊಳಗೆ ಕೂರಿಸಿ, ಕೈಗೆ ಒಂದು ಹಳೆಯ ಚೀಲ ಕೊಟ್ಟು, ಹಾಡು ಹಚ್ಚಿದರಂತೆ. ಹದಿನಾರಕ್ಕೆ ಒಮ್ಮೆ ಒತ್ತು, ಇದು ಮುಗಿದ ಮೇಲೆ ಒಳಗೆ ಹೋಗಿ ಹೇಳು ಅಂದರಂತೆ.

"ನಾ ಕಬ್ಬ ಕಡಿಯಾಕಿ ಅದೀನ್ರಿ, ಇದೇನ್ ದೊಡ್ಡದು ಅಂತ ಕುಂತೆ. ಅರ್ಧಾ ಆಗೂದರಾಗ ಕೈ ಬಿತ್ತು. ಹಾಡು ನಡದ ಇತ್ತು, ಸುಮ್ನ ಕುಂತು ಪೂರಾ ಕೇಳಿ, ಮನಿಗೆ ಹೋದೆ." ಅವಳು ನನ್ನ ಕಣ್ಣು ತಪ್ಪಿಸಲಿಲ್ಲ. "ಸಿಟ್ಟು ಹೋಗಿಲ್ರಿ. ಖರೇ ಹೇಳ್ತೇನಿ. ಆ ಮಾತು ಈಗೂ ಕನಸಿನ್ಯಾಗ ಬರ್ತೈತಿ."

"ನನಗೂ ಬರ್ತೈತಿ" ಎಂದೆ. ತಪ್ಪಾಯಿತು ಅನ್ನಬೇಕಿತ್ತು, ಅಷ್ಟೇ ಅಂದೆ.

ಅವಳು ನನ್ನ ಬಲಗೈ ಎಳೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳುಗಳನ್ನು ಬಿಡಿಸಿ, ಹೆಬ್ಬೆರಳ ಬುಡದ ಮಾಂಸವನ್ನು ತನ್ನ ಗಡಸು ಹೆಬ್ಬೆರಳಿನಿಂದ ಒತ್ತಿದಳು.

"ನನಗ ಇಲ್ಲಿ ನೋಯ್ತಿತ್ತು. ನಿಮಗೂ ಇಲ್ಲೇ ನೋಯ್ತಿತ್ತೇನು?"

"ಹೌದವ್ವಾ, ಅಲ್ಲೇ."

ಅವಳು ಹೂಂ ಅಂದು, ಆ ಜಾಗವನ್ನು ತಿಕ್ಕುತ್ತ ಕುಳಿತಳು.